ಗದ್ದುಗೆ ಒಡೆಯರದ್ದು, ಖಜಾನೆ ಹೈದರಾಲಿಯದ್ದು

ಕೊಯಮತ್ತೂರಿನಿಂದ ಅವಿನಾಶಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕರುಮತ್ತಂಪಟ್ಟಿ ಅಂತ ಒಂದು ಊರು ಸಿಗುತ್ತದೆ. ಪಕ್ಕದಲ್ಲೇ ಸೋಮನೂರಿನ ಪವರ್‌ಲೂಮ್‌ಗಳು, ಸ್ವಲ್ಪ ಮುಂದೆ ಹೋದರೆ ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿಗಳು. ಮಂಗಳೂರಿನಿಂದ ಬಟ್ಟೆ ಖರೀದಿಗೆ ತಿರುಪ್ಪೂರಿಗೆ ಹೋಗುವ ನಮ್ಮ ವ್ಯಾಪಾರಿಗಳಿಗೆ ಈ ಕಡೆಯ ರಸ್ತೆ ಹೊಸತಲ್ಲ. ಆದರೆ ಒಂದು ಕಾಲದಲ್ಲಿ ಮಂಗಳೂರಿನ ಬಂದರಿನ ಸುಂಕ, ಕರುಮತ್ತಂಪಟ್ಟಿ ಸೀಮೆಯ ಹೊಲದ ಕಂದಾಯ ಎರಡೂ ಶ್ರೀರಂಗಪಟ್ಟಣದ ಒಂದೇ ಖಜಾನೆಗೆ ಹೋಗುತ್ತಿತ್ತು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪೆನಿ ಕೆನರಾವನ್ನೂ ಕೊಯಮತ್ತೂರನ್ನೂ ಒಂದೇ ಏಟಿಗೆ ತನ್ನ ವಶಕ್ಕೆ ತೆಗೆದುಕೊಂಡಿತು.

ಈ ಎರಡು ಸೀಮೆಗಳನ್ನು ಒಂದೇ ಲೆಕ್ಕದ ಪುಸ್ತಕದಲ್ಲಿ ಗಟ್ಟಿಯಾಗಿ ಕೂರಿಸಿದವರು ಹೈದರಾಲಿ. ಓದು ಬರಹ ಬಾರದ ಒಬ್ಬ ಸಿಪಾಯಿ ಇದನ್ನು ಹೇಗೆ ಸಾಧಿಸಿದರು? ಕತ್ತಿಯ ಬಲದಿಂದ ಅಂತ ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಅವರ ಜೀವನವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಕತ್ತಿಗಿಂತ ಹೆಚ್ಚು ಕೆಲಸ ಮಾಡಿದ್ದು ಸಂಬಳದ ಪಟ್ಟಿ, ಸಾಲದ ಜಾಮೀನು ಮತ್ತು ಕಂದಾಯದ ಲೆಕ್ಕ ಅನ್ನೋದು ಗೊತ್ತಾಗುತ್ತೆ.

ದಿಲ್ಲಿ ದೂರವಾದಾಗ

ಹೈದರಾಲಿಯ ಕಥೆಗೆ ಬರುವ ಮೊದಲು ಆ ಕಾಲ ಹೇಗಿತ್ತು ಅಂತ ತಿಳಿದುಕೊಳ್ಳಬೇಕು. ಔರಂಗಝೇಬ್ 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಗೆದ್ದರು. ಮೊಗಲರ ಸೈನ್ಯ ಕರ್ನಾಟಕದ ಬಯಲು ಸೀಮೆಗೂ ಬಂತು. ಇಂದಿನ ತುಮಕೂರು ಜಿಲ್ಲೆಯ ಸಿರಾ ಒಂದು ಸುಬೆಯ ರಾಜಧಾನಿಯಾಯಿತು. ಬೆಂಗಳೂರನ್ನು ಹಿಡಿದ ಮೊಗಲ್ ಸೇನಾಪತಿ ಕಾಸಿಂ ಖಾನ್, ಅದನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರ್‌ಗೆ 3 ಲಕ್ಷಕ್ಕೆ ಬಿಟ್ಟುಕೊಟ್ಟದ್ದು ಪ್ರಸಿದ್ಧ ಸಂಗತಿ.

ಮೊಗಲರ ಪದ್ಧತಿಯಲ್ಲಿ ಒಂದು ಜಾಣತನ ಇತ್ತು. ಒಂದು ಪ್ರಾಂತಕ್ಕೆ ಇಬ್ಬರು ದೊಡ್ಡ ಅಧಿಕಾರಿಗಳು. ಸುಬೇದಾರನ ಕೈಯಲ್ಲಿ ಸೈನ್ಯ ಮತ್ತು ಆಡಳಿತ, ದಿವಾನನ ಕೈಯಲ್ಲಿ ಕಂದಾಯ. ದಿವಾನ ಸುಬೇದಾರನ ಕೈಕೆಳಗಿನವನಲ್ಲ, ನೇರ ದಿಲ್ಲಿಗೆ ಲೆಕ್ಕ ಕೊಡುವವನು. ಸೈನ್ಯ ಇದ್ದವನ ಬಳಿ ದುಡ್ಡಿಲ್ಲ, ದುಡ್ಡು ಇದ್ದವನ ಬಳಿ ಸೈನ್ಯ ಇಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರುತ್ತಾರೆ. ಜೊತೆಗೆ ಕೆಲವೇ ವರ್ಷಕ್ಕೊಮ್ಮೆ ವರ್ಗಾವಣೆ. ಒಂದೇ ಊರಿನಲ್ಲಿ ಯಾರೂ ಬೇರು ಬಿಡಬಾರದು ಅನ್ನೋದು ಲೆಕ್ಕಾಚಾರ.

1707ರಲ್ಲಿ ಔರಂಗಝೇಬ್ ತೀರಿಕೊಂಡ ಮೇಲೆ ಈ ಕಟ್ಟು ಸಡಿಲವಾಯಿತು. ಗದ್ದುಗೆಗಾಗಿ ಸಹೋದರರ ಜಗಳ, ದರ್ಬಾರಿನಲ್ಲಿ ಗುಂಪುಗಾರಿಕೆ. ಎಷ್ಟೋ ಕಡೆ ಸೈನ್ಯ ಮತ್ತು ಕಂದಾಯ ಎರಡೂ ಒಬ್ಬನದೇ ಕೈಗೆ ಬಂತು. ಬಂಗಾಳಕ್ಕೆ ದಿವಾನರಾಗಿ ಹೋದ ಮುರ್ಷಿದ್ ಕುಲಿ ಖಾನ್ ಕೊನೆಗೆ ಅಲ್ಲಿನ ನಾಝಿಮ್ ಕೂಡ ಆದರು. ಅವಧ್‌ನಲ್ಲಿ 1722ರಿಂದ ಸಆದತ್ ಖಾನ್ ತಳವೂರಿದರು. ದಕ್ಖನ್‌ನಲ್ಲಿ ನಿಝಾಮುಲ್ ಮುಲ್ಕ್, ತನ್ನ ಜಾಗಕ್ಕೆ ಬರಬೇಕಿದ್ದ ಮುಬಾರಿಝ್ ಖಾನ್‌ನನ್ನು 1724ರಲ್ಲಿ ಶಕರ್‌ಖೇಡಾ ಯುದ್ಧದಲ್ಲಿ ಸೋಲಿಸಿದರು. ವಿಶೇಷ ಏನಂದ್ರೆ, ಇಷ್ಟಾದ ಮೇಲೆ ಬಾದ್‌ಶಾಹ್ ಅವರನ್ನು ಶಿಕ್ಷಿಸಲಿಲ್ಲ, ಅಸಫ್ ಜಾಹ್ ಅಂತ ಬಿರುದು ಕೊಟ್ಟರು! ಬೇರೆ ದಾರಿ ಇರಲಿಲ್ಲ.

ಇವರಲ್ಲಿ ಯಾರೂ ತಾವು ಸ್ವತಂತ್ರ ಅಂತ ಸಾರಲಿಲ್ಲ. ನಾಣ್ಯದ ಮೇಲೆ ಬಾದ್‌ಶಾಹನ ಹೆಸರೇ, ಜುಮಾದ ಖುತ್ಬಾದಲ್ಲಿ ಬಾದ್‌ಶಾಹನ ಹೆಸರೇ. ಆದರೆ ಕಂದಾಯ ಮಾತ್ರ ದಿಲ್ಲಿಗೆ ಸರಿಯಾಗಿ ಹೋಗುತ್ತಿರಲಿಲ್ಲ. ಮಗನೋ ಅಳಿಯನೋ ಉತ್ತರಾಧಿಕಾರಿ. ಬೋರ್ಡು ಹಳೆಯದೇ, ಅಂಗಡಿಯ ಮಾಲಕ ಮಾತ್ರ ಬದಲಾಗಿದ್ದ. ಈ ಪಾಠ ಕೆಳಗಿನ ಹಂತಕ್ಕೂ ಇಳಿಯಿತು. ನಿಝಾಮರ ಕೆಳಗೆ ಅರ್ಕಾಟ್‌ನ ನವಾಬರು, ಸಿರಾ, ಕಡಪ, ಕರ್ನೂಲು, ಸವಣೂರಿನ ನವಾಬರು ಎಲ್ಲರೂ ಇದನ್ನೇ ಮಾಡಿದರು. ಹೈದರಾಲಿ ಹುಟ್ಟಿದ್ದು ಇಂಥ ಕಾಲದಲ್ಲಿ.

ನಗಾರಿಯೊಳಗೆ ಕೂತ ಹುಡುಗ

ಕೋಲಾರದ ಬಳಿಯ ಬೂದಿಕೋಟೆಯಲ್ಲಿ 1720ರ ಆಸುಪಾಸಿನಲ್ಲಿ ಹೈದರ್ ಹುಟ್ಟಿದರು. ತಂದೆ ಫತಹ್ ಮುಹಮ್ಮದ್ ಸಿರಾದ ನವಾಬರ ಕೆಳಗೆ ಕೋಲಾರದ ಫೌಜುದಾರರು, ಬೂದಿಕೋಟೆ ಅವರ ಜಹಗೀರು. ಸಿರಾದ ಸುಬೇದಾರಿಕೆ ಯಾರಿಗೆ ಸೇರಬೇಕು ಅಂತ ಹಳಬರಿಗೂ ಹೊಸಬರಿಗೂ ಯುದ್ಧ ಆಯಿತು. ಹಳಬರ ಪರವಾಗಿ ಹೋರಾಡಿದ ಫತಹ್ ಮುಹಮ್ಮದ್ ಆ ಕಾಳಗದಲ್ಲಿ ತೀರಿಕೊಂಡರು. ಹೈದರ್ ಆಗ ಚಿಕ್ಕ ಹುಡುಗ, ಅಣ್ಣ ಶಹಬಾಝ್ ಕೂಡ ಬಾಲಕ.

ಆ ಮೇಲೆ ನಡೆದದ್ದನ್ನು ಇತಿಹಾಸಕಾರರು ಹೀಗೆ ದಾಖಲಿಸಿದ್ದಾರೆ. ತಂದೆ ಬಾಕಿ ಉಳಿಸಿದ್ದಾರೆ ಅನ್ನೋ ನೆಪದಲ್ಲಿ ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನ್ ಆ ಕುಟುಂಬದ ಆಸ್ತಿಯನ್ನೆಲ್ಲ ಕಿತ್ತುಕೊಂಡ. ದುಡ್ಡು ಹೊರತೆಗೆಸಲು ಎರಡೂ ಮಕ್ಕಳನ್ನು ನಗಾರಿಯೊಳಗೆ ಕೂರಿಸಿ ಹೊರಗಿನಿಂದ ಬಾರಿಸಿದ. ಕೊನೆಗೆ ಮೈಸೂರಿನ ಸೇವೆಯಲ್ಲಿದ್ದ ಸಂಬಂಧಿಕರ ನೆರವಿನಿಂದ ವಿಧವೆ ತಾಯಿ ಮಕ್ಕಳನ್ನು ಕರೆದುಕೊಂಡು ಶ್ರೀರಂಗಪಟ್ಟಣ ಸೇರಿದರು. ಮೂರು ದಶಕದ ನಂತರ ಹೈದರ್ ದೊಡ್ಡಬಳ್ಳಾಪುರಕ್ಕೆ ಸೈನ್ಯದೊಂದಿಗೆ ಬಂದಾಗ ಅದೇ ಅಬ್ಬಾಸ್ ಕುಲಿ ಖಾನ್ ಮನೆಮಂದಿಯನ್ನೂ ಬಿಟ್ಟು ಮದ್ರಾಸಿಗೆ ಓಡಿದ.

ಅಧಿಕಾರಿಯೊಬ್ಬ ಸತ್ತರೆ ಅವನ ಮನೆಯನ್ನು ಕಾಯುವ ಸರಕಾರ ಇರಲಿಲ್ಲ. ಇಲ್ಲದ ಬಾಕಿಯನ್ನೂ ಇದೆ ಅಂತ ತೋರಿಸಬಹುದಿತ್ತು. ಲೆಕ್ಕ ಯಾರ ಕೈಯಲ್ಲಿದೆಯೋ ಅವರದ್ದೇ ಮಾತು. ಈ ಪಾಠವನ್ನು ಹೈದರ್ ಶಾಲೆಗೆ ಹೋಗದೆ, ಮೈಯಲ್ಲೇ ಕಲಿತರು.

ಮೈಸೂರಿನಲ್ಲೂ ಅದೇ ಕಥೆ

ಶ್ರೀರಂಗಪಟ್ಟಣದಲ್ಲಿ ಆಗ ಇಮ್ಮಡಿ ಕೃಷ್ಣರಾಜ ಒಡೆಯರ್ ರಾಜರು. ಆದರೆ ಆಡಳಿತ ಇದ್ದದ್ದು ದೇವರಾಜಯ್ಯ ಮತ್ತು ನಂಜರಾಜಯ್ಯ ಅನ್ನೋ ದಳವಾಯಿ ಸಹೋದರರ ಕೈಯಲ್ಲಿ. ಅಂದರೆ ದಿಲ್ಲಿಯಲ್ಲಿ ಬಾದ್‌ಶಾಹನಿಗೆ ಆದದ್ದೇ ಸಣ್ಣ ಪ್ರಮಾಣದಲ್ಲಿ ಮೈಸೂರಿನಲ್ಲೂ ಆಗಿತ್ತು. ಹೆಸರಿಗೆ ಒಬ್ಬರು, ಅಧಿಕಾರಕ್ಕೆ ಇನ್ನೊಬ್ಬರು.

1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಅಣ್ಣನ ಜೊತೆ ಹೋರಾಡಿದ ಹೈದರ್ ನಂಜರಾಜಯ್ಯನವರ ಕಣ್ಣಿಗೆ ಬಿದ್ದರು. 50 ಕುದುರೆ ಸವಾರರು, 200 ಕಾಲಾಳುಗಳ ನಾಯಕತ್ವ ಸಿಕ್ಕಿತು. 1750ರ ಡಿಸೆಂಬರ್‌ನಲ್ಲಿ ನಿಝಾಮರ ಮಗ ನಾಸಿರ್ ಜಂಗ್ ತಮ್ಮದೇ ಕಡೆಯ ನವಾಬನ ಗುಂಡಿಗೆ ಬಲಿಯಾದ ಗೊಂದಲದಲ್ಲಿ ಹೈದರನ ಬೇಡರ ಪಡೆ ಒಂಟೆಗಳ ಮೇಲೆ ಹೇರಿದ್ದ ಚಿನ್ನದ ನಾಣ್ಯಗಳನ್ನು ಹೊಡೆದುಕೊಂಡು ಬಂತು. ಚೆಲ್ಲಾಪಿಲ್ಲಿಯಾಗಿದ್ದ ನೂರಾರು ಬಂದೂಕುಗಳೂ ಕೈಸೇರಿದವು. ಆ ಹಣದಲ್ಲಿ ಹೈದರ್ ಮಹಲು ಕಟ್ಟಿಸಲಿಲ್ಲ. ಇನ್ನಷ್ಟು ಸಿಪಾಯಿಗಳನ್ನು ಸೇರಿಸಿಕೊಂಡು, ಫ್ರೆಂಚರ ಸೈನ್ಯ ಬಿಟ್ಟು ಬಂದವರಿಂದ ಅವರಿಗೆ ತರಬೇತಿ ಕೊಡಿಸಿದರು. ವ್ಯಾಪಾರದ ಭಾಷೆಯಲ್ಲಿ ಹೇಳೋದಾದ್ರೆ ಲಾಭವನ್ನು ಮತ್ತೆ ಬಂಡವಾಳಕ್ಕೇ ಹಾಕಿದರು.

ಇತ್ತ ನಂಜರಾಜಯ್ಯ ತಿರುಚಿನಾಪಳ್ಳಿ ಸಿಗುತ್ತೆ ಅನ್ನೋ ಮಾತು ನಂಬಿ ಅರ್ಕಾಟ್‌ನ ಮುಹಮ್ಮದ್ ಅಲಿಗೆ ಸಹಾಯ ಮಾಡಲು ಹೋಗಿ, 1755ರ ಹೊತ್ತಿಗೆ ಮೈಸೂರಿನ ಖಜಾನೆಯನ್ನು ಬರಿದು ಮಾಡಿಕೊಂಡು ವಾಪಸ್ ಬಂದರು. ತಿರುಚಿನಾಪಳ್ಳಿ ಸಿಗಲಿಲ್ಲ. ಸೈನಿಕರ ಸಂಬಳ ಬಾಕಿ ಬಿತ್ತು.

ದಿಂಡಿಗಲ್‌ನ ಫೌಜುದಾರ

ಹೈದರಾಲಿಯ ಬದುಕಿನ ನಿಜವಾದ ತಿರುವು 1755. ಆ ವರ್ಷ ಅವರು ದಿಂಡಿಗಲ್‌ನ ಫೌಜುದಾರರಾಗಿ ನೇಮಕವಾದರು. ದಿಂಡಿಗಲ್ ಮೈಸೂರು ರಾಜ್ಯದ ದಕ್ಷಿಣದ ತುದಿ. ಪಳನಿ, ವಿರೂಪಾಕ್ಷಿಯ ಪಾಳೆಯಗಾರರು ಕಂದಾಯ ಕೊಡುತ್ತಿರಲಿಲ್ಲ. ಅವರನ್ನು ಬಗ್ಗಿಸಿ ಕಂದಾಯ ತರಬೇಕು, ಅದರಿಂದಲೇ ಸೈನ್ಯ ಸಾಕಬೇಕು ಅನ್ನೋದು ಕೆಲಸ. ಸೈನ್ಯವೂ ಕಂದಾಯವೂ ಒಂದೇ ಕೈಗೆ! ಮೊಗಲರು ಯಾವುದನ್ನು ತಪ್ಪಿಸಲು ಇಬ್ಬರನ್ನು ಇಡುತ್ತಿದ್ದರೋ ಅದನ್ನೇ ಮೈಸೂರು ದರ್ಬಾರು ತನ್ನ ಕೈಯಾರೆ ಮಾಡಿತು.

ದಿಂಡಿಗಲ್‌ನಲ್ಲಿ ಹೈದರ್ ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ತೋಪು, ಮದ್ದಿನ ಕಾರ್ಖಾನೆ ಮಾಡಿದರು. ಖಂಡೇರಾವ್ ಅನ್ನೋ ಬ್ರಾಹ್ಮಣ ಲೆಕ್ಕಿಗರು ಅವರ ಬಲಗೈಯಾಗಿದ್ದರು. ಹೈದರಿಗೆ ಓದು ಬರಹ ಬಾರದು. ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ, ಅದನ್ನೂ ತಿರುಗುಮುರುಗಾಗಿ, ಬರೆಯುತ್ತಿದ್ದರಂತೆ. ಆದರೆ ನೆನಪಿನ ಶಕ್ತಿ ಅದ್ಭುತ. ಕನ್ನಡ, ತೆಲುಗು, ತಮಿಳು, ಮರಾಠಿ, ದಖ್ಖನಿ ಎಲ್ಲವೂ ಮಾತಿಗೆ ಬರುತ್ತಿತ್ತು. ಲೆಕ್ಕ ಓದಿಸಿ ಕೇಳಿಸಿಕೊಂಡರೆ ತಪ್ಪು ಎಲ್ಲಿದೆ ಅಂತ ಹೇಳಬಲ್ಲವರಾಗಿದ್ದರು.

ಮೈಸೂರಿನ ಇತಿಹಾಸ ಬರೆದ ಇಂಗ್ಲಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಈ ಕಾಲದ ಒಂದು ಘಟನೆ ಹೇಳುತ್ತಾರೆ. ಒಂದು ಕಾಳಗದಲ್ಲಿ ಗಾಯಗೊಂಡವರು 67 ಮಂದಿ. ಗಾಯಾಳುಗಳಿಗೆ ವಾಸಿಯಾಗುವ ತನಕ ತಿಂಗಳಿಗೆ 14 ರೂಪಾಯಿ ಭತ್ಯೆ. ಪರಿಶೀಲನೆಗೆ ದರ್ಬಾರಿನಿಂದ ಅಧಿಕಾರಿ ಬಂದಾಗ ಹೈದರ್ 700 ಮಂದಿಗೆ ಅರಿಶಿನದ ಬಣ್ಣದ ಬಟ್ಟೆ ಸುತ್ತಿಸಿ ಸಾಲಾಗಿ ಮಲಗಿಸಿದ್ದರಂತೆ. ವಿಲ್ಕ್ಸ್ ಹೈದರಾಲಿಯ ಅಭಿಮಾನಿಯಲ್ಲ, ಹಾಗಾಗಿ ಸ್ವಲ್ಪ ಉಪ್ಪುಖಾರ ಸೇರಿರಲೂಬಹುದು. ಆದರೆ ಕಥೆಯ ತಿರುಳು ಸ್ಪಷ್ಟ. ದೂರದ ರಾಜಧಾನಿಗೆ ದಿಂಡಿಗಲ್‌ನ ಲೆಕ್ಕ ಪರೀಕ್ಷಿಸುವ ಶಕ್ತಿ ಇರಲಿಲ್ಲ. ಇದು ಮೋಸವೇ, ಅದರಲ್ಲಿ ಎರಡು ಮಾತಿಲ್ಲ. ಕಾವಲು ಸತ್ತ ಕಡೆ ಇಂಥ ಮೋಸವೇ ಅಧಿಕಾರದ ಮೆಟ್ಟಿಲಾಗುತ್ತದೆ ಅನ್ನೋದೂ ಸತ್ಯ.

ಸಂಬಳ ಕೊಟ್ಟವನೇ ಒಡೆಯ

1757ರಲ್ಲಿ ಪೇಶ್ವೆಯ ಸೈನ್ಯ ಶ್ರೀರಂಗಪಟ್ಟಣಕ್ಕೆ ಬಂದು ಕೂತಿತು. 32 ಲಕ್ಷ ಕೊಡುತ್ತೇವೆ ಅಂತ ಒಪ್ಪಿದ ನಂಜರಾಜಯ್ಯನವರ ಬಳಿ ಅಷ್ಟು ದುಡ್ಡಿರಲಿಲ್ಲ. ಕೈಯಲ್ಲಿದ್ದಷ್ಟು ಕೊಟ್ಟು, ಉಳಿದದ್ದಕ್ಕೆ ತಾಲೂಕುಗಳನ್ನೇ ಅಡವಿಟ್ಟರು. ಅಡವಿಟ್ಟ ತಾಲೂಕಿನ ಕಂದಾಯ ಹೋಯಿತು, ಕಂದಾಯ ಹೋದಾಗ ಸಿಪಾಯಿಗಳ ಸಂಬಳವೂ ನಿಂತಿತು. 1758ರಲ್ಲಿ ಸಿಪಾಯಿಗಳು ನಂಜರಾಜಯ್ಯನವರ ಮನೆ ಬಾಗಿಲಲ್ಲೇ ಧರಣಿ ಕೂತರು. ಒಳಗೆ ಅನ್ನ ನೀರು ಹೋಗದಂತೆ ತಡೆದರು.

ಆಗ ದಿಂಡಿಗಲ್‌ನಿಂದ ಬಂದದ್ದು ಹೈದರ್. ಅರಮನೆಯ ಆನೆ, ಕುದುರೆ, ಆಭರಣ ಮಾರಿಸಿದರು. ಖಂಡೇರಾವ್ ಜೊತೆ ಕೂತು ಒಬ್ಬೊಬ್ಬ ಸಿಪಾಯಿಯ ಲೆಕ್ಕ ನೋಡಿ ನಿಜವಾದ ಬಾಕಿ ಎಷ್ಟು ಅಂತ ತೀರ್ಮಾನಿಸಿ ಹಂಚಿದರು. ಅಲ್ಲಿಂದ ಸೈನ್ಯ ಯಾರ ಮಾತು ಕೇಳುತ್ತೆ ಅನ್ನೋದು ಎಲ್ಲರಿಗೂ ಗೊತ್ತಾಯಿತು. ಬೆಂಗಳೂರು ಅವರಿಗೆ ಜಹಗೀರಾಗಿ ಸಿಕ್ಕಿತು.

ಮರಾಠರು ಮತ್ತೆ ಬಂದಾಗ ಅವರನ್ನು ಎದುರಿಸಿ ನಿಂತು, ಅಡವಿಟ್ಟ ತಾಲೂಕುಗಳನ್ನು ಬಿಡಿಸಿದ್ದೂ ಹೈದರ್. ಆ ಒಪ್ಪಂದ ನೋಡಬೇಕು. ಹಣದ ಅರ್ಧ ಭಾಗವನ್ನು ಹೇಗೋ ಒಟ್ಟು ಮಾಡಿ ಕೊಟ್ಟರು. ಉಳಿದರ್ಧಕ್ಕೆ ಮರಾಠರ ಶಿಬಿರದ ಸಾಹುಕಾರರು ಹೊಣೆ ನಿಂತರು. ಆದರೆ ಅವರು ನಂಬಿದ್ದು ಮೈಸೂರು ರಾಜ್ಯವನ್ನಲ್ಲ, ಹೈದರಾಲಿಯ ಸ್ವಂತ ಮಾತನ್ನು. ಸಾಲ ತೀರುವ ತನಕ ಆ ತಾಲೂಕುಗಳ ಕಂದಾಯ ಹೈದರಾಲಿಯ ಉಸ್ತುವಾರಿಯಲ್ಲಿರಬೇಕು ಅನ್ನೋದು ಶರತ್ತು. ಹೀಗೆ ಬೆಲೆ ಇದ್ದದ್ದು ವ್ಯಕ್ತಿಯ ಸಹಿಗೆ, ರಾಜ್ಯದ ಮುದ್ರೆಗಲ್ಲ. ವಿಜಯೋತ್ಸವದ ದರ್ಬಾರಿನಲ್ಲಿ ಫತಹ್ ಹೈದರ್ ಬಹಾದ್ದೂರ್ ಅನ್ನೋ ಬಿರುದು ಬಂತು. ಕೊಟ್ಟವರು ರಾಜರು, ಆದರೆ ಸಂಪಾದಿಸಿಕೊಟ್ಟದ್ದು ಸಾಹುಕಾರರ ನಂಬಿಕೆ.

ಲೆಕ್ಕಿಗ ತಿರುಗಿ ಬಿದ್ದಾಗ

ರಾಜ್ಯದ ಅರ್ಧಕ್ಕಿಂತ ಹೆಚ್ಚು ಭಾಗದ ಕಂದಾಯ ಹೈದರಾಲಿಯ ಸೈನ್ಯದ ಖರ್ಚಿಗೆ ಅಂತ ಹೋಗತೊಡಗಿತು. ಅರಮನೆಗೆ ಇದು ಸಹಿಸಲಿಲ್ಲ. ರಾಜಮಾತೆ ಖಂಡೇರಾವ್ ಜೊತೆ ಕೈಜೋಡಿಸಿದರು. ಖಂಡೇರಾವ್‌ಗೂ ತಾನೇ ಪ್ರಧಾನನಾಗುವ ಆಸೆ. 1760ರ ಆಗಸ್ಟ್‌ನಲ್ಲಿ, ಹೈದರಾಲಿಯ ಸೈನ್ಯದ ಹೆಚ್ಚಿನ ಭಾಗ ದೂರ ಇದ್ದಾಗ, ಶ್ರೀರಂಗಪಟ್ಟಣದ ಕೋಟೆಯಿಂದ ಅವರ ಮನೆಯ ಮೇಲೆ ತೋಪು ಹಾರಿತು. ಹೈದರ್ ಆ ರಾತ್ರಿ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು, ಮಳೆಗಾಲದ ತುಂಬಿದ ಕಾವೇರಿ ದಾಟಿ ಬೆಂಗಳೂರಿಗೆ ತಲುಪಿದರು. ಕೈಯಲ್ಲಿ ಉಳಿದದ್ದು ಕೆಲವೇ ಸಂಗಾತಿಗಳು. ಸಾಲ ಕೊಡುವ ಸಾಹುಕಾರರ ಬಳಿ ಮಾತ್ರ ಅವರ ಹೆಸರಿಗೆ ಬೆಲೆ ಕೆಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಕೂತು ಹಣ ಎತ್ತಿದರು.

1761ರಲ್ಲಿ ಹೈದರ್ ತಿರುಗಿ ಬಂದರು. ಖಂಡೇರಾವ್‌ನ ಸೇನಾಪತಿಗಳ ಹೆಸರಿಗೆ ನಕಲಿ ಪತ್ರಗಳನ್ನು ಬರೆಸಿ ಅವು ಖಂಡೇರಾವ್ ಕೈಗೇ ಸಿಗುವಂತೆ ಮಾಡಿದರು. ತನ್ನವರೇ ಮಾರಿಹೋಗಿದ್ದಾರೆ ಅಂತ ನಂಬಿ ಖಂಡೇರಾವ್ ಓಡಿದರು, ಸೈನ್ಯ ಚದುರಿತು. ಕೊನೆಗೆ ಅರಮನೆಯೇ ಖಂಡೇರಾವ್‌ನನ್ನು ಒಪ್ಪಿಸಿತು. ಗಿಳಿಯ ಹಾಗೆ ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದ ಹೈದರ್, ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದರು ಅನ್ನೋದು ಪ್ರಸಿದ್ಧ. ಕ್ರೂರವಾದ ತಮಾಷೆ. ಆದರೆ ಗಮನಿಸಬೇಕಾದ್ದು ಇನ್ನೊಂದು. ಈ ಅನುಭವದ ನಂತರವೂ ಹೈದರ್ ಲೆಕ್ಕದ ಕೆಲಸದಿಂದ ಬ್ರಾಹ್ಮಣರನ್ನು ದೂರ ಇಡಲಿಲ್ಲ. ಒಬ್ಬನ ದ್ರೋಹಕ್ಕೆ ಒಂದು ಸಮುದಾಯವನ್ನೇ ಶಿಕ್ಷಿಸಲಿಲ್ಲ. ಕೆಲಸ ಗೊತ್ತಿದ್ದವರಿಗೆ ಕೆಲಸ ಅನ್ನೋದು ಅವರ ರೂಢಿಯಾಗಿತ್ತು.

ಕೈಯಲ್ಲಿಲ್ಲದ ಊರಿಗೆ ನವಾಬ

ಈಗ ಮೈಸೂರಿನ ಪೂರ್ತಿ ಅಧಿಕಾರ ಹೈದರಾಲಿಯದ್ದು. ಆದರೂ ರಾಜರನ್ನು ತೆಗೆಯಲಿಲ್ಲ. ದಸರಾದಲ್ಲಿ ಒಡೆಯರ್ ಗದ್ದುಗೆ ಮೇಲೆ ಕೂತು ಜನರಿಗೆ ದರ್ಶನ ಕೊಡುತ್ತಿದ್ದರು. 1766ರಲ್ಲಿ ಇಮ್ಮಡಿ ಕೃಷ್ಣರಾಜರು ತೀರಿಕೊಂಡ ಮೇಲೂ ಒಬ್ಬರ ನಂತರ ಒಬ್ಬರಂತೆ ಮೂವರು ಒಡೆಯರ್‌ಗಳನ್ನು ಹೈದರ್ ಗದ್ದುಗೆಗೆ ಏರಿಸಿದರು. ನಿಝಾಮರು ದಿಲ್ಲಿಯ ಹೆಸರನ್ನು ಉಳಿಸಿಕೊಂಡ ಹಾಗೆ ಹೈದರ್ ಒಡೆಯರ್ ಹೆಸರನ್ನು ಉಳಿಸಿಕೊಂಡರು.

ಆದರೆ ಹೊರಗಿನ ಜಗತ್ತಿಗೆ ತಾನು ಯಾರು ಅಂತ ಹೇಳಲು ಒಂದು ಪದವಿ ಬೇಕಿತ್ತು. 1761ರಲ್ಲಿ ನಿಝಾಮರ ಮನೆತನದ ಬಸಾಲತ್ ಜಂಗ್ ಹೊಸಕೋಟೆಗೆ ಮುತ್ತಿಗೆ ಹಾಕಿ ದುಡ್ಡಿಲ್ಲದೆ ಪರದಾಡುತ್ತಿದ್ದರು. 3 ಲಕ್ಷ ನಝರಾನ ಕೊಡುತ್ತೇನೆ, ಸಿರಾದ ನವಾಬ ಅಂತ ಸನ್ನದು ಕೊಡಿ ಅನ್ನೋ ಪ್ರಸ್ತಾಪ ಹೈದರಾಲಿಯಿಂದ ಹೋಯಿತು. ತಮಾಷೆ ಏನಂದ್ರೆ ಸಿರಾ ಆಗ ಇಬ್ಬರ ಕೈಯಲ್ಲೂ ಇರಲಿಲ್ಲ, ಮರಾಠರ ವಶದಲ್ಲಿತ್ತು. ಕೊಡುವವನ ಬಳಿ ಇಲ್ಲದ್ದನ್ನು ಕೊಳ್ಳುವವನು ನಗದು ಕೊಟ್ಟು ಕೊಂಡ! ಅದೇ ವರ್ಷ ಜನವರಿಯಲ್ಲಿ ಪಾಣಿಪತ್‌ನಲ್ಲಿ ಮರಾಠರು ಸೋತು ದುರ್ಬಲರಾಗಿದ್ದರು. ಇಬ್ಬರೂ ಸೇರಿ ಹೋಗಿ ಸಿರಾ ತೆಗೆದುಕೊಂಡರು. ಆವತ್ತಿನಿಂದ ಅವರು ನವಾಬ್ ಹೈದರ್ ಅಲಿ ಖಾನ್ ಬಹಾದ್ದೂರ್. ತಂದೆ ಯಾವ ಸಿರಾದ ನವಾಬಗಿರಿಯ ಜಗಳದಲ್ಲಿ ಪ್ರಾಣ ಕಳೆದುಕೊಂಡಿದ್ದರೋ, ಆ ನವಾಬಗಿರಿ ಈಗ ಮಗನ ಕೈಗೆ ಬಂತು.

ಮಂಗಳೂರು ಕೈಗೆ ಬಂದದ್ದು

1763ರಲ್ಲಿ ಹೈದರ್ ಬಿದನೂರಿಗೆ ನುಗ್ಗಿದರು. ರಾಣಿ ವೀರಮ್ಮಾಜಿ ಆಳುತ್ತಿದ್ದ ಕೆಳದಿ ರಾಜ್ಯ ಮೆಣಸು, ಅಡಿಕೆ, ಅಕ್ಕಿಯ ವ್ಯಾಪಾರದಿಂದ ಶ್ರೀಮಂತವಾಗಿತ್ತು. ಗದ್ದುಗೆ ತನಗೆ ಸೇರಬೇಕು ಅಂತ ಹೈದರಾಲಿಯ ಬಳಿ ಬಂದಿದ್ದ ಒಬ್ಬ ಯುವಕನನ್ನು ಮುಂದಿಟ್ಟುಕೊಂಡೇ ಅವರು ಹೋದದ್ದು. ಗೆದ್ದ ಮೇಲೆ ರಾಣಿಯನ್ನೂ ಆ ಯುವಕನನ್ನೂ ಮಧುಗಿರಿಯ ಕೋಟೆಗೆ ಕಳಿಸಿದರು. ಬಿದನೂರು ಹೈದರ್‌ನಗರವಾಯಿತು, ಇವತ್ತಿನ ನಗರ. ಬಿದನೂರಿನ ಸಂಪತ್ತೇ ತನ್ನ ಏಳಿಗೆಗೆ ಕಾರಣ ಅಂತ ಹೈದರ್ ಮುಂದೆಯೂ ಒಪ್ಪಿಕೊಳ್ಳುತ್ತಿದ್ದರು.

ಬಿದನೂರಿನ ಜೊತೆ ಮಂಗಳೂರೂ ಬಂತು. ಮೈಸೂರಿಗೆ ಮೊದಲ ಬಾರಿ ದೊಡ್ಡ ಸಮುದ್ರದ ಬಾಗಿಲು ತೆರೆಯಿತು. ಹೈದರ್ ಇಲ್ಲಿ ಹಡಗು ಕಟ್ಟಿಸಿದರು, ಕಣ್ಣೂರಿನ ಅಲಿ ರಾಜಾರಿಗೆ ನೌಕಾಪಡೆಯ ಹೊಣೆ ಕೊಟ್ಟರು. ಅಕ್ಕಿ, ಮೆಣಸು, ಗಂಧ ಅರಬ್ ಬಂದರುಗಳಿಗೆ, ಅಲ್ಲಿಂದ ಕುದುರೆ ಇಲ್ಲಿಗೆ. ಒಳನಾಡಿನ ಸೈನ್ಯಕ್ಕೆ ಕರಾವಳಿಯ ವ್ಯಾಪಾರವೇ ಉಸಿರಾಯಿತು. 1768ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದಾಗ ಕೆಲವೇ ತಿಂಗಳಲ್ಲಿ ಅದನ್ನು ಬಿಡಿಸಿದ್ದಕ್ಕೆ ಕಾರಣ ಇದೇ. 1780ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ನೌಕಾಪಡೆ ಮಂಗಳೂರಿಗೆ ಬಂದು ಹೈದರಾಲಿಯ ಹಡಗುಗಳನ್ನು ಸುಟ್ಟದ್ದಕ್ಕೂ ಕಾರಣ ಇದೇ.

ನಾಣ್ಯದ ವಿಷಯ ಕುತೂಹಲದ್ದು. ಕೆಳದಿ ಅರಸರ ಕಾಲದಿಂದ ಜನ ನಂಬಿದ್ದ ಶಿವ ಪಾರ್ವತಿಯ ಚಿತ್ರದ ವರಹವನ್ನು ಹೈದರ್ ಹಾಗೇ ಮುಂದುವರಿಸಿದರು. ಹಿಂದಿನ ಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಪರ್ಶಿಯನ್ ಅಕ್ಷರ ಹಾಕಿಸಿದರು. ಮಾರುಕಟ್ಟೆ ಯಾವ ನಾಣ್ಯವನ್ನು ನಂಬುತ್ತದೋ ಅದನ್ನು ಕೆಡಿಸಬಾರದು ಅನ್ನೋ ವಿವೇಕ ಅಲ್ಲಿತ್ತು.

ಆದರೆ ಕರಾವಳಿ ಇದಕ್ಕೆ ಬೆಲೆ ತೆತ್ತಿದೆ. ಯುದ್ಧದ ಖರ್ಚಿಗೆ ಕೆನರಾದ ಮೇಲೆ ಕಂದಾಯ ಏರುತ್ತಾ ಹೋಯಿತು. 1766ರಲ್ಲಿ ಮಲಬಾರ್‌ಗೆ ಹೋದಾಗ ಅಲ್ಲಿನ ನಾಯರ್‌ಗಳ ಮೇಲೆ ನಡೆದ ದಬ್ಬಾಳಿಕೆ, ಗುಂಪು ಗುಂಪಾಗಿ ಬೇರೆ ಕಡೆ ಸಾಗಿಸಿದ್ದು, ದಾರಿಯಲ್ಲಿ ಸತ್ತವರು, ಇವೆಲ್ಲ ಇತಿಹಾಸದಲ್ಲಿದೆ. ಕೋಝಿಕ್ಕೋಡಿನ ಸಾಮೂದಿರಿ ತನ್ನ ಅರಮನೆಗೆ ಬೆಂಕಿ ಹಚ್ಚಿಕೊಂಡು ಸತ್ತರು. ಹೈದರಾಲಿಯ ಸಾಧನೆ ಹೇಳುವಾಗ ಇದನ್ನು ಮುಚ್ಚಿಡುವುದು ನ್ಯಾಯವಲ್ಲ.

ಕೊಯಮತ್ತೂರಿನ ದಾರಿ

ಮಲಬಾರ್‌ಗೆ ಹೋಗಲು, ಅಲ್ಲಿಂದ ಬರಲು ಹೈದರಾಲಿಗೆ ಬೇಕಿದ್ದದ್ದು ಕೊಯಮತ್ತೂರು. ಮೈಸೂರಿನಿಂದ ಗಜ್ಜಲಹಟ್ಟಿ ಘಾಟಿ ಇಳಿದರೆ ಸತ್ಯಮಂಗಲ, ಅಲ್ಲಿಂದ ಕೊಂಗುನಾಡಿನ ಬಯಲು. ಪಶ್ಚಿಮಕ್ಕೆ ತಿರುಗಿದರೆ ಪಾಲಕ್ಕಾಡ್ ಕಣಿವೆ, ಅಲ್ಲಿ 1766ರಲ್ಲಿ ಹೈದರ್ ಕಟ್ಟಿಸಿದ ಕೋಟೆ ಇವತ್ತೂ ಗಟ್ಟಿಯಾಗಿದೆ. ದಕ್ಷಿಣಕ್ಕೆ ಹೋದರೆ ಅವರ ಹಳೆಯ ದಿಂಡಿಗಲ್. ಪೂರ್ವಕ್ಕೆ ಹೋದರೆ ಕರುಮತ್ತಂಪಟ್ಟಿ, ಅವಿನಾಶಿ, ಈರೋಡ್, ಕರೂರು. ಚಿಕ್ಕದೇವರಾಜರ ಕಾಲದಲ್ಲೇ ಮೈಸೂರಿಗೆ ಸೇರಿದ್ದ ಈ ಸೀಮೆಯಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರು ಈಗಲೂ ಇದ್ದಾರೆ. ಕರುಮತ್ತಂಪಟ್ಟಿಯ ಹಳೆಯ ಕ್ರೈಸ್ತ ನೆಲೆ ಕೂಡ ಆ ಕಾಲದಲ್ಲಿ ಮೈಸೂರು ಮಿಷನ್ ಅಂತಲೇ ಕರೆಯಲ್ಪಡುತ್ತಿತ್ತು.

ಹತ್ತಿ ಬೆಳೆಯುವ, ನೇಯ್ಗೆ ಇರುವ, ಎತ್ತು ಸಿಗುವ ನೆಲ ಇದು. ತೋಪು ಎಳೆಯಲು ಎತ್ತು, ಸೈನ್ಯಕ್ಕೆ ಧಾನ್ಯ ಬೇಕು. ಹಾಗಾಗಿ ಹೈದರಾಲಿಯ ಜೊತೆ ಯುದ್ಧಕ್ಕೆ ಬಂದ ಕಂಪೆನಿ 1768ರಲ್ಲಿ ಈ ಬಯಲಿಗೂ ಕೈಹಾಕಿತು. ಕರ್ನಲ್ ವುಡ್ ಕೊಯಮತ್ತೂರು, ಈರೋಡ್, ದಿಂಡಿಗಲ್ ಸೇರಿ ಒಂದರ ಹಿಂದೆ ಒಂದು ಕೋಟೆ ಹಿಡಿದರು. ಹಿಡಿದ ಪ್ರತಿ ಕೋಟೆಗೂ ಸ್ವಲ್ಪ ಸ್ವಲ್ಪ ಸಿಪಾಯಿಗಳನ್ನು ಹಂಚಿ ತೆಳುವಾದರು. ಅದೇ ವರ್ಷದ ಕೊನೆಗೆ ಹೈದರ್ ಘಾಟಿ ಇಳಿದು ಬಂದಾಗ ಆ ಕೋಟೆಗಳು ಕೆಲವೇ ವಾರಗಳಲ್ಲಿ ಒಂದೊಂದಾಗಿ ವಾಪಸ್ ಬಂದವು. ಅಲ್ಲಿಂದ ಕುದುರೆ ಪಡೆಯೊಂದಿಗೆ ಮಿಂಚಿನಂತೆ ಮದ್ರಾಸಿನ ಹೊಸ್ತಿಲಿಗೇ ಹೋದರು. 1769ರ ಏಪ್ರಿಲ್‌ನಲ್ಲಿ ಕಂಪೆನಿ ಅವರ ಶರತ್ತಿಗೆ ಒಪ್ಪಿ ಸಹಿ ಹಾಕಿತು. ಒಬ್ಬರ ಮೇಲೆ ಯಾರಾದರೂ ದಾಳಿ ಮಾಡಿದರೆ ಇನ್ನೊಬ್ಬರು ಸಹಾಯಕ್ಕೆ ಬರಬೇಕು ಅನ್ನೋದು ಅದರಲ್ಲಿತ್ತು.

1771ರಲ್ಲಿ ಮೇಲುಕೋಟೆ ಬಳಿಯ ಚಿನಕುರಳಿಯಲ್ಲಿ ಮರಾಠರಿಂದ ಹೈದರ್ ದೊಡ್ಡ ಸೋಲುಂಡಾಗ ಕಂಪೆನಿ ಬರಲಿಲ್ಲ. ಆ ಮಾತು ಮುರಿದದ್ದನ್ನು ಅವರು ಮರೆಯಲಿಲ್ಲ. 1780ರಲ್ಲಿ ದೊಡ್ಡ ಸೈನ್ಯದೊಂದಿಗೆ ಕರ್ನಾಟಿಕ್ ಬಯಲಿಗೆ ಇಳಿದರು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನಾಶವಾಯಿತು. ಮರುವರ್ಷ ಪೋರ್ಟೊ ನೋವೋದಲ್ಲಿ ಹೈದರ್ ಸೋತರು. ನೆಲದ ಮೇಲೆ ಕಂಪೆನಿಯನ್ನು ಸೋಲಿಸಬಹುದು, ಆದರೆ ಸಮುದ್ರದಿಂದ ಅವರಿಗೆ ಬರುವ ದುಡ್ಡು, ಮದ್ದುಗುಂಡು ನಿಲ್ಲಿಸಲು ಆಗುವುದಿಲ್ಲ ಅನ್ನೋದು ಕೊನೆಯ ದಿನಗಳಲ್ಲಿ ಅವರಿಗೆ ಅರಿವಾಗಿತ್ತು.

ಪೆಟ್ಟಿಗೆಯೊಳಗಿನ ಗುಟ್ಟು

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಶಿಬಿರದಲ್ಲಿ, ಬೆನ್ನಿನ ಹುಣ್ಣಿನ ಕಾಯಿಲೆಯಿಂದ ಹೈದರಾಲಿ ತೀರಿಕೊಂಡರು. ಮಗ ಟಿಪ್ಪು ಆಗ ದೂರದ ಮಲಬಾರ್‌ನಲ್ಲಿ. ಸುದ್ದಿ ಹೊರಬಿದ್ದರೆ ಸೈನ್ಯ ಒಡೆಯಬಹುದು, ಖಜಾನೆ ಲೂಟಿಯಾಗಬಹುದು. ಆಗ ಗುಟ್ಟು ಕಾಪಾಡಿದವರು ಪೂರ್ಣಯ್ಯ ಮತ್ತು ತೋಷಿಖಾನೆಯ ಕೃಷ್ಣರಾವ್, ಇಬ್ಬರೂ ಲೆಕ್ಕದ ಇಲಾಖೆಯ ಬ್ರಾಹ್ಮಣರು. ಜೊತೆಗೆ ಕೆಲವು ಮುಸ್ಲಿಂ ಸರದಾರರು. ದೇಹವನ್ನು ಖಜಾನೆಯ ಪೆಟ್ಟಿಗೆಯ ಹಾಗೆ ಮುಚ್ಚಿ, ಖಜಾನೆ ಸಾಗಿಸುವ ಕಾವಲಿನಲ್ಲೇ ಕೋಲಾರಕ್ಕೆ ಕಳಿಸಿದರು. ಡೇರೆಯ ಮುಂದೆ ಕಾವಲು, ವೈದ್ಯರು ಹೋಗಿ ಬರೋದು, ಆಜ್ಞೆಗಳು ಹೊರಡೋದು ಎಲ್ಲ ಎಂದಿನಂತೆ. ಟಿಪ್ಪು ಬಂದು ಸೇರುವ ತನಕ ಅಷ್ಟು ದೊಡ್ಡ ಸೈನ್ಯ ತನ್ನ ಒಡೆಯ ಇಲ್ಲ ಅನ್ನೋ ಅಧಿಕೃತ ಸುದ್ದಿಯಿಲ್ಲದೆ ನಿಂತಿತು. ಸಂಬಳವೂ ನಿಲ್ಲಲಿಲ್ಲ. ದೇಹವನ್ನು ನಂತರ ಶ್ರೀರಂಗಪಟ್ಟಣದ ಗುಂಬಝ್‌ನಲ್ಲಿ ದಫನ್ ಮಾಡಲಾಯಿತು.

1760ರಲ್ಲಿ ಒಬ್ಬ ಲೆಕ್ಕಿಗನ ದ್ರೋಹದಿಂದ ಎಲ್ಲ ಕಳೆದುಕೊಂಡಿದ್ದ ಮನುಷ್ಯನ ರಾಜ್ಯವನ್ನು 1782ರಲ್ಲಿ ಲೆಕ್ಕಿಗರೇ ಉಳಿಸಿ ಮಗನ ಕೈಗೆ ಕೊಟ್ಟರು. ಹೈದರ್ ಖಂಡೇರಾವ್ ನಂತರ ಬಾಗಿಲು ಮುಚ್ಚಿಕೊಂಡಿದ್ದರೆ ಆ ದಿನ ಪೂರ್ಣಯ್ಯ ಅಲ್ಲಿರುತ್ತಿರಲಿಲ್ಲ.

ಹೈದರ್ ಕೊನೆಯವರೆಗೂ ರಾಜ ಅಂತ ಕರೆಸಿಕೊಳ್ಳಲಿಲ್ಲ. ಟಿಪ್ಪು 1786ರಲ್ಲಿ ಬಾದ್‌ಶಾಹ್ ಅಂತ ಘೋಷಿಸಿಕೊಂಡು ದಿಲ್ಲಿಯ ಹೆಸರಿನ ನೆರಳನ್ನೂ ಕೈಬಿಟ್ಟರು. ನಿಝಾಮರು, ಅರ್ಕಾಟ್ ನವಾಬರು ಅಷ್ಟು ದೂರ ಹೋಗಲಿಲ್ಲ. ಅವರು ಹೆಸರು ಉಳಿಸಿಕೊಂಡರು, ಆದರೆ ಸಾಲ ಮಾಡಿ, ಸೈನ್ಯವನ್ನು ಕಂಪೆನಿಗೆ ಗುತ್ತಿಗೆ ಕೊಟ್ಟು, ಕೊನೆಗೆ ಕಂಪೆನಿಯ ಕೈಗೊಂಬೆಯಾದರು. ದಿಲ್ಲಿಯ ಬಾದ್‌ಶಾಹನಿಗೆ ಅವರು ಏನು ಮಾಡಿದ್ದರೋ ಅದನ್ನೇ ಕಂಪೆನಿ ಅವರಿಗೆ ಮಾಡಿತು. 1765ರಲ್ಲಿ ಕಂಪೆನಿ ಬಂಗಾಳದಲ್ಲಿ ಕೇಳಿ ಪಡೆದದ್ದು ಗದ್ದುಗೆಯನ್ನಲ್ಲ, ದಿವಾನಗಿರಿಯನ್ನು, ಅಂದರೆ ಕಂದಾಯದ ಲೆಕ್ಕವನ್ನು. ಈ ಆಟದ ಗುಟ್ಟು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಇವತ್ತು ಹೈದರಾಲಿಯ ಹೆಸರು ಬಂದರೆ ಒಂದು 쪽 ಹೊಗಳಿಕೆ, ಇನ್ನೊಂದು ಕಡೆ ಬೈಗುಳ. ಎರಡರಲ್ಲೂ ಧರ್ಮದ ಮಾತೇ ಮುಂದೆ. ಅವರ ಬದುಕು ಮಾತ್ರ ಬೇರೆಯದೇ ಕಥೆ ಹೇಳುತ್ತೆ. ಅವರ ತಂದೆಯನ್ನು ಕೊಂದದ್ದು, ಬಾಲ್ಯದಲ್ಲಿ ಹಿಂಸಿಸಿದ್ದು ಮುಸ್ಲಿಂ ಸರದಾರರೇ. ಕೈ ಹಿಡಿದು ಮೇಲೆತ್ತಿದ್ದು ನಂಜರಾಜಯ್ಯ. ಹೈದರಿಗೆ ಸಾಲ ಕೊಟ್ಟವರು ಸಾಹುಕಾರರು, ರಾಜ್ಯ ಉಳಿಸಿದ್ದು ಪೂರ್ಣಯ್ಯ. ಬಾಕಿ ಸಂಬಳ, ತೀರದ ಸಾಲ, ಯಾರೂ ಪರೀಕ್ಷಿಸದ ಲೆಕ್ಕ ಈ ಮೂರೂ ಸೇರಿದ ಕಡೆ ಮೇಲಿನವರ ಅಧಿಕಾರ ಕೆಳಗಿನವರ ಕೈಗೆ ಜಾರುತ್ತದೆ. ದಿಲ್ಲಿಯಲ್ಲಿ ಆದದ್ದು ಅದೇ, ಶ್ರೀರಂಗಪಟ್ಟಣದಲ್ಲಿ ಆದದ್ದೂ ಅದೇ. ರಾಜ್ಯವಿರಲಿ, ಜಮಾಅತ್ ಇರಲಿ, ನಾಲ್ಕು ಜನ ಸೇರಿ ನಡೆಸುವ ಸಣ್ಣ ಸಂಸ್ಥೆ ಇರಲಿ, ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅಂತ ನೋಡುವಷ್ಟೇ ಗಮನದಿಂದ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ, ಅದನ್ನು ಯಾರು ಪರೀಕ್ಷಿಸುತ್ತಾರೆ ಅಂತಲೂ ನಮ್ಮ ಯುವಕರು ಕೇಳಲು ಕಲಿಯಬೇಕು.